ಗಾಸ್ಪಾರೆಯ ಮನೆಗೆ ಬಂದ ಬಿಳಿ ಚಪ್ಪಡಿ

ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಗೋಣಿ ಸುತ್ತಿದ ಚಪ್ಪಡಿ. ಹರಿದ ಮೂಲೆಯಲ್ಲಿ ಬೆಳ್ಳಗಿನ ಕಲ್ಲು ಇಣುಕುತ್ತಿತ್ತು. ಅಮೃತಶಿಲೆ! ಗಾಸ್ಪಾರೆ ಥಟ್ಟನೆ ಹರಿದ ಮೂಲೆಯನ್ನು ಮುಚ್ಚಿದ.

ಅಮೆರಿಕದ ವರ್ಮಾಂಟಿನ ಆ ಊರು ಇಡೀ ಗ್ರಾನೈಟ್ ನಂಬಿಕೊಂಡದ್ದು. ಅಲ್ಲಿ ನಲವತ್ತು ವರ್ಷ ಉಳಿ ಹಿಡಿದ ಗಾಸ್ಪಾರೆಗೆ ಅಂದೇ ಸಂಜೆ ಕಲ್ಲುಕುಟಿಗರ ಸಂಘದಲ್ಲಿ ಸನ್ಮಾನ. ಬೆಟ್ಟದಾಚೆಯ ಅಮೃತಶಿಲೆಯ ಊರಿನವರೇ ತನ್ನನ್ನು ಅಣಕಿಸಲು ಇದನ್ನು ಕಳಿಸಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಹೆಂಡತಿ ಇರ್ಮಾ ಸಂಘದ ಊಟಕ್ಕೆ ಅಡುಗೆ ಮಾಡಲು ಆಗಲೇ ಹೋಗಿದ್ದಳು. ಅವನು ಚಪ್ಪಡಿಯನ್ನು ತಳ್ಳುಗಾಡಿಗೆ ಹೇರಿ, ಮೇಲೆ ಕಂಬಳಿ ಹೊದಿಸಿ, ಹಳೆಯ ಕಲ್ಲು ಕ್ವಾರಿಯ ಕಡೆ ಹೊರಟ.

ಪಕ್ಕದ ಮನೆಯ ನಿವೃತ್ತ ಟೀಚರ್ ಡೆಲ್ಫೀನ್ ಬೇಲಿಯಿಂದಲೇ ಏನದು ಎಂದು ಕೇಳಿದರು. ಆಲೂಗಡ್ಡೆ ಎಂದ. ಅಷ್ಟರಲ್ಲಿ ಕಂಬಳಿ ಜಾರಿತು.

"ಇದೊಳ್ಳೆ ಆಲೂಗಡ್ಡೆ ಕಣಯ್ಯ," ಎಂದರು ಟೀಚರ್. "ಸಮುದ್ರದ ಚಿಪ್ಪೆಲ್ಲ ಸುಣ್ಣಕಲ್ಲಾಗಿ, ಆಮೇಲೆ ನೆಲದಾಳದಲ್ಲಿ ಬೆಂದು, ಅಮುಕಿಸ್ಕೊಂಡು ಹೀಗಾಗೋಕೆ ಕೋಟಿಗಟ್ಲೆ ವರ್ಷ ಬೇಕು. ಸ್ವಲ್ಪ ಮರ್ಯಾದೆ ಕೊಡು."

"ಮೊದ್ಲು ಚಿಪ್ಪು, ಆಮೇಲೆ ಸುಣ್ಣ, ಈಗ ಇದು. ಇಷ್ಟು ಸಲ ಪಕ್ಷ ಬದಲಾಯಿಸಿದೋರನ್ನ ನಾವು ಸೇರಿಸ್ಕೊಳ್ಳಲ್ಲ ಟೀಚರ್," ಎಂದು ಗಾಸ್ಪಾರೆ ಗಾಡಿ ತಳ್ಳಿದ.

ತಿರುವಿನಲ್ಲಿ ಅಂಚೆಯವ ಆಸ್ಕರ್ ಸಿಕ್ಕ. ಕಂಬಳಿಯಡಿಯ ಆಕಾರ ನೋಡಿ ಅದು ಸಮಾಧಿಯ ಕಲ್ಲೆಂದುಕೊಂಡು ಟೋಪಿ ತೆಗೆದ; ಯಾರು ಹೋದರೆಂದು ಕೇಳಿದ. ಇರ್ಮಾಳ ಚಿಕ್ಕಮ್ಮ ಎಂದು ಗಾಸ್ಪಾರೆಯ ಬಾಯಿಗೆ ಬಂದುಬಿಟ್ಟಿತು. ಮಧ್ಯಾಹ್ನದೊಳಗೆ ಅರ್ಧ ಊರು ಸಂಘದ ಅಡುಗೆಮನೆಗೆ ಹೋಗಿ ಇರ್ಮಾಳಿಗೆ ಸಂತಾಪ ಹೇಳಿತು. ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದ ಚಿಕ್ಕಮ್ಮ ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು.

ಅಷ್ಟರಲ್ಲಿ ಚಪ್ಪಡಿ ನೀರು ತುಂಬಿದ ಕ್ವಾರಿಯ ಇನ್ನೂರಡಿ ಆಳ ಸೇರಿತ್ತು.

ಸಂಜೆ ವೇದಿಕೆ ಏರಿದಾಗ ಗಾಸ್ಪಾರೆಯ ಎದೆ ಉಬ್ಬಿತ್ತು. ಭೂಮಿಯ ಹೊಟ್ಟೆಯಲ್ಲಿ ಕುದಿದ ರಸ ಯುಗಯುಗ ನಿಧಾನವಾಗಿ ತಣಿದದ್ದರಿಂದಲೇ ನಮ್ಮ ಕಲ್ಲಿಗೆ ಆ ಹರಳು, ಆ ಗಟ್ಟಿತನ ಎಂದ. ಅದನ್ನು ಪಳಗಿಸಿದ ಕೈಗಳು ಇಲ್ಲಿ ಕೂತಿವೆ ಎಂದ. ಕಲ್ಲಿನ ದೂಳು ಕುಡಿದೂ ಬದುಕುಳಿದಿದ್ದ ಮುದುಕರು ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಆಮೇಲೆ ಅಧ್ಯಕ್ಷ ಡಂಕನ್ ಎದ್ದು ನಿಂತ.

"ನಿನ್ ಹೆಂಡ್ತಿನ ಕೇಳಿದ್ವಿ, ಏನು ಕೊಡೋಣ ಅಂತ. ಹಿಟ್ಟು ಲಟ್ಟಿಸೋಕೆ ಬಿಳೀದೊಂದು ಅಮೃತಶಿಲೆ ಬೇಕು, ನಲವತ್ತು ವರ್ಷದಿಂದ ಕೇಳೋ ಧೈರ್ಯ ಆಗ್ಲಿಲ್ಲ ಅಂದ್ಲು. ತರಿಸಿದ್ವಿ. ಅದರ ಅಡಿಯಲ್ಲಿ ನಾವು ಎಂಬತ್ತಮೂರು ಜನಾನೂ ನಮ್ಮ ನಮ್ಮ ಹೆಸರು ಕೆತ್ತಿದೀವಿ. ಇಲ್ಲಿಗೆ ತರ್ಬೇಕಿದ್ದ ಲಾರಿಯವನು ತಪ್ಪಿ ನಿಮ್ಮನೇಲೇ ಇಳಿಸಿದಾನಂತೆ. ಎಲ್ಲಿಟ್ಟಿದೀಯ?"

ಡೆಲ್ಫೀನ್ ಟೀಚರ್ ಕಣ್ಣುಮುಚ್ಚಿಕೊಂಡರು.

"ಹಳೇ ಕ್ವಾರೀಲಿ," ಎಂದ ಗಾಸ್ಪಾರೆ. "ತಳದಲ್ಲಿ."

ಇರ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಯ ಹಿಟ್ಟು ಒರೆಸಿಕೊಂಡಳು. ಅವಳ ದನಿ ಏರಲಿಲ್ಲ.

"ಪರ್ವಾಗಿಲ್ಲ. ಗ್ರಾನೈಟಲ್ಲೇ ಒಂದು ಮಾಡ್ಕೊಡು. ಕನ್ನಡಿ ಥರ ನುಣ್ಣಗಿರ್ಲಿ. ಅಡೀಲಿ ಇವರೆಲ್ಲರ ಹೆಸ್ರೂ ನೀನೇ ಕೆತ್ತು."

ಎಂಬತ್ತಮೂರು ಜನರೂ ಒಬ್ಬೊಬ್ಬರಾಗಿ ವೇದಿಕೆಗೆ ಬಂದು, ಹೆಸರಿನ ಕಾಗುಣಿತವನ್ನು ಬಿಡಿಸಿ ಹೇಳತೊಡಗಿದರು.