ಇಪ್ಪತ್ತಾರು ದಿನದಿಂದ ಪುಟ್ಟಿ ಬಿಟ್ಟೇಳದ ಕೆಂಪಮ್ಮನವರಿಗೆ

ಮಾನ್ಯ ಕೆಂಪಮ್ಮನವರೇ,

ದೇಶನೂರಿನ ನಮ್ಮ ಹಿತ್ತಲಿನ ಹಿರಿಯ ಜವಾರಿ ಕೋಳಿಯೂ, ಭತ್ತದ ಹೊಟ್ಟು ಹಾಸಿದ ಬಿದಿರು ಪುಟ್ಟಿಯ ಏಕೈಕ ಒಡತಿಯೂ ಆದ ತಮ್ಮ ಹತ್ತಿರ ಬರುವ ಧೈರ್ಯವಿಲ್ಲದೆ, ನಾಲ್ಕು ಮಾರು ದೂರ ನಿಂತು ಕರಿಬಸವನು ಕೈಮುಗಿದು ಬರೆಯುವುದೇನೆಂದರೆ:

ತಾವು ಕಾವಿಗೆ ಕೂತು ಇಂದಿಗೆ ಇಪ್ಪತ್ತಾರು ದಿನ. ಲೋಕದ ಕೋಳಿಗಳೆಲ್ಲ ಇಪ್ಪತ್ತೊಂದಕ್ಕೆ ಮುಗಿಸಿ ಎದ್ದುಹೋಗುವ ಕೆಲಸದಲ್ಲಿ ತಾವು ತೋರುತ್ತಿರುವ ಶ್ರದ್ಧೆಗೆ ಸನ್ಮಾನವನ್ನೇ ಮಾಡಬೇಕು. ಕಾಳು ಹಾಕಲು ಕೈ ಚಾಚಿದರೆ ಕುಕ್ಕುತ್ತೀರಿ. ಕಾವಿಳಿಯಲೆಂದು ತಣ್ಣೀರಲ್ಲಿ ಅದ್ದಿದರೆ ಮೈ ಕೊಡವಿ ನೆಟ್ಟಗೆ ಪುಟ್ಟಿಗೇ ಹೋದಿರಿ. ಪುಟ್ಟಿಯನ್ನೇ ಬಚ್ಚಿಟ್ಟರೆ ನನ್ನ ಚಪ್ಪಲಿಯ ಮೇಲೆ ಕೂತು ಅದಕ್ಕೂ ಕಾವು ಕೊಟ್ಟಿರಿ. ಜುಟ್ಟು ಬಿಳಿಚಿದೆ, ಎದೆಯ ಮೂಳೆ ಕೈಗೆ ಸಿಗುತ್ತಿದೆ. ಹೀಗೇ ಬಿಟ್ಟರೆ ತಾವು ಉಳಿಯುವುದಿಲ್ಲ.

ನನ್ನಾಕೆ ಪಂಪಾವತಿಯಾದರೋ "ಅವಸರ ಮಾಡಬ್ಯಾಡ್ರಿ, ಆಕಿಗೆ ಎಲ್ಲಾ ಗೊತ್ತೈತಿ" ಎನ್ನುತ್ತ, ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಪುಟ್ಟಿಯಲ್ಲಿಟ್ಟ ಇದ್ದಿಲು, ಮೊಳೆಗಳನ್ನು ದಿನಾ ಸರಿಮಾಡುತ್ತಿದ್ದಾಳೆ.

ಆಕೆಗೂ ತಮಗೂ ಗೊತ್ತಿಲ್ಲದ ಸಂಗತಿ ಒಂದಿದೆ. ತಾವು ಕೂತ ಮರುದಿನ ಆಕೆ ರಾರಾವಿಯ ತವರಿಗೆ ಹೋಗಿದ್ದಾಗ, ತಮ್ಮ ಒಂಬತ್ತೂ ಮೊಟ್ಟೆಗಳನ್ನು ನಾನು ಆಮ್ಲೆಟ್ ಮಾಡಿಕೊಂಡು ತಿಂದೆ. ಬದಲಿಗೆ ಅಂಗಡಿಯ ಒಂಬತ್ತು ಬಿಳಿ ಫಾರಂ ಮೊಟ್ಟೆಗಳನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ, ಜವಾರಿ ಬಣ್ಣ ಬರಿಸಿ, ತಮ್ಮ ಕೆಳಗೆ ಸರಿಸಿದೆ. ಕಾವು ಕೊಟ್ಟರೆ ಯಾವ ಮೊಟ್ಟೆಯಾದರೂ ಮರಿಯಾಗುತ್ತದೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಮೊನ್ನೆ ವಿಚಾರಿಸಿದರೆ, ಹುಂಜದ ಮುಖವನ್ನೇ ಕಾಣದ ಫಾರಂ ಕೋಳಿಯ ಮೊಟ್ಟೆ, ತಾವು ಸಂಕ್ರಾಂತಿವರೆಗೆ ಕೂತರೂ ಒಡೆಯದೆಂದು ಸಿರುಗುಪ್ಪದ ದನದ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ನಾಲಿಗೆ ಚಪಲಕ್ಕೆ ತಾವು ಉಪವಾಸ ಬಿದ್ದಿರುವುದು ನೋಡಿ ನಿಜಕ್ಕೂ ನಾಚಿಕೆಯಾಗಿದೆ.

ಆದಕಾರಣ ಬಳ್ಳಾರಿಗೆ ಹೋಗಿ ಐದು ಮರಿ ತಂದಿದ್ದೇನೆ. ಕತ್ತಲಾಗುತ್ತಲೇ ತಮ್ಮ ರೆಕ್ಕೆಯಡಿ ಸೇರಿಸುತ್ತೇನೆ. ಬೆಳಿಗ್ಗೆ ತಾವು ಸ್ವಂತ ತಾಯಿಯ ಠೀವಿಯಿಂದ ಎದ್ದು, ಪಂಪಾವತಿಯ ಕಣ್ಣೆದುರೇ ಅವುಗಳನ್ನು ಹೊರಗೆ ಕರೆತಂದು, ತಾವೂ ನಾಲ್ಕು ಕಾಳು ತಿಂದು, ನನ್ನ ಮಾನ ಉಳಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ
(ತಾವು ವಿಶ್ವಾಸವಿಡಬೇಕೆಂಬ ಒತ್ತಾಯವಿಲ್ಲ),
ಕರಿಬಸವ

ವಿ.ಸೂ.: ಇದನ್ನು ಮರುದಿನ ಬರೆದದ್ದು. ತಾವು ಎದ್ದಿರಿ, ತಿಂದಿರಿ, ಮರಿಗಳನ್ನು ಅಂಗಳದ ತುಂಬ ಮೆರೆಸಿದಿರಿ. ಬಳ್ಳಾರಿಯ ರಸ್ತೆ ಬದಿಯಲ್ಲಿ ಸಿಕ್ಕಿದ್ದು ಬಣ್ಣ ಹಾಕಿದ ಮರಿಗಳು ಎಂಬುದನ್ನು ತಿಳಿಸಲು ಮರೆತಿದ್ದೆ: ಮೂರು ಗುಲಾಬಿ, ಎರಡು ಹಸಿರು. ಒಂದನ್ನೂ ದೂರ ತಳ್ಳಲಿಲ್ಲ, ತಮ್ಮದು ದೊಡ್ಡ ಮನಸ್ಸು. ಪಂಪಾವತಿಯ ಮನಸ್ಸು ಅಷ್ಟು ದೊಡ್ಡದಲ್ಲ. ಹಸಿರು ಮರಿಯನ್ನು ದಿಟ್ಟಿಸಿ ನೋಡಿ, ಪುಟ್ಟಿಯಲ್ಲೇ ಉಳಿದಿದ್ದ ಒಂಬತ್ತು ಮೊಟ್ಟೆಗಳಲ್ಲಿ ಒಂದನ್ನು ಒದ್ದೆ ಸೆರಗಿನಿಂದ ಒರೆಸಿ, ಸೆರಗಿಗೆ ಹತ್ತಿದ ಚಹಾದ ಬಣ್ಣವನ್ನು ನನಗೇ ತೋರಿಸಿದಳು. ಈಗ ಪುಟ್ಟಿಯ ಪಕ್ಕದಲ್ಲಿ ನಾನು ಕೂತಿದ್ದೇನೆ. ಆಕೆಯ ಅಪ್ಪಣೆ: ಒಂಬತ್ತೂ ಮೊಟ್ಟೆ ಮರಿಯಾಗುವವರೆಗೆ ನಾನು ಏಳುವಂತಿಲ್ಲವಂತೆ.