ಯಲ್ದೂರಿನ ಮಾವಿನ ಮರವನ್ನು ಉತ್ತರ ಭಾರತಕ್ಕೆ ಕಳಿಸಿದ ಪ್ರಧಾನ ಸಂಪಾದಕರಿಗೆ

ಪ್ರಧಾನ ಸಂಪಾದಕರು,
‘ನಮ್ಮ ದೇಶ: ಚರಿತ್ರೆ ಮತ್ತು ಸಂಸ್ಕೃತಿ’ ಸಮಗ್ರ ಸಂಪುಟ ಮಾಲೆ,
ಬೆಂಗಳೂರು.

ಮಾನ್ಯರೇ,

ಇಷ್ಟು ದೊಡ್ಡ ದೇಶವನ್ನು ಹನ್ನೆರಡೇ ಸಂಪುಟಗಳಲ್ಲಿ ಮುಗಿಸಿ ದಣಿದಿರುವ ತಮ್ಮ ಕೈಗಳಿಗೆ, ಅದೇ ದೇಶದಲ್ಲಿ ಇನ್ನೂ ಇರುವ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಿಂದ ಗೌರವಪೂರ್ವಕ ನಮಸ್ಕಾರಗಳು. ನಾನು ಚನ್ನರಾಯಪ್ಪ, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ದೊಡ್ಡವರು ಬರೆದದ್ದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದೇ ನನ್ನ ಕೆಲಸವಾಗಿತ್ತಾದ್ದರಿಂದ ದೊಡ್ಡವರು ಬರೆದದ್ದರಲ್ಲಿ ತಪ್ಪಿದೆ ಎಂದು ಹೇಳುವ ಅಭ್ಯಾಸ ನನಗಿಲ್ಲ. ಈ ಪತ್ರದಲ್ಲಿ ಎಲ್ಲಾದರೂ ಅಂಥ ಧ್ವನಿ ಕೇಳಿಸಿದರೆ ಅದು ನನ್ನ ಕನ್ನಡದ ದೋಷವೆಂದು ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ತಮ್ಮ ಏಳನೆಯ ಸಂಪುಟ ‘ಸಣ್ಣ ಪಟ್ಟಣಗಳು’ ಸಿದ್ಧವಾಗುತ್ತಿದ್ದಾಗ, ಹೋದ ವರ್ಷ ಮೇ ತಿಂಗಳಿನಲ್ಲಿ, ಡಾ. ಅರುಣ್‌ಕುಮಾರ್ ಎಂಬ ತಮ್ಮ ಸಂಶೋಧಕರು ಒಬ್ಬ ಫೋಟೋಗ್ರಾಫರನ್ನು ಕರೆದುಕೊಂಡು ಕ್ಷೇತ್ರಕಾರ್ಯಕ್ಕೆ ಬಂದಿದ್ದರು. ಸ್ಥಳೀಯ ಮಾರ್ಗದರ್ಶಕನಾಗಿ ನನ್ನನ್ನು ಗೊತ್ತು ಮಾಡಿದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಅವರ ಕಾರಿನಲ್ಲಿ ನಾನೂ ಕುಳಿತಿದ್ದೆ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯ ಚಿಮಣಿಯನ್ನು ಕಾರು ನಿಲ್ಲಿಸದೆ ನೋಡಿದೆವು. ಕೋಲಾರದಲ್ಲಿ ಗಂಗರು ಆಳಿದ ವಿಷಯವನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಊರು ಮುಗಿದಿತ್ತು. ಕುರುಡುಮಲೆಯ ಗಣೇಶನ ಮುಂದೆ ಐದು ನಿಮಿಷ ನಿಂತೆವು, ಮುಳಬಾಗಿಲಿನ ದೋಸೆಯ ಮುಂದೆ ಒಂದೂ ಮುಕ್ಕಾಲು ಗಂಟೆ ಕುಳಿತೆವು. ಇದನ್ನು ದೂರಾಗಿ ಹೇಳುತ್ತಿಲ್ಲ. ಅವತ್ತು ದೋಸೆ ನಿಜವಾಗಿಯೂ ಚೆನ್ನಾಗಿತ್ತು. ನಮ್ಮ ಯಲ್ದೂರನ್ನು ತಲುಪಿದಾಗ ಸಂಜೆ ಆರಕ್ಕೆ ಹತ್ತು ನಿಮಿಷ. ಬೆಳಕು ಹೋಗುತ್ತಿದೆ ಎಂದು ಫೋಟೋಗ್ರಾಫರು ಗಡಿಬಿಡಿ ಮಾಡುತ್ತಿದ್ದರು.

ರಾಮಲಕ್ಷ್ಮಮ್ಮನವರು ಅಂದು ಮಧ್ಯಾಹ್ನದಿಂದಲೇ ಮರದ ಕೆಳಗೆ ಕಾದು ಕುಳಿತಿದ್ದರು.

ಅವರು ಯಾರೆಂಬುದು ತಮ್ಮ ಸಂಪುಟಕ್ಕೆ ಗೊತ್ತಿಲ್ಲವಾದ್ದರಿಂದ ತಮಗೆ ನಾನೇ ತಿಳಿಸಬೇಕು. ಅವರಿಗೀಗ ಎಪ್ಪತ್ತನಾಲ್ಕು ವರ್ಷ. ಹದಿನೇಳನೆಯ ವಯಸ್ಸಿನಲ್ಲಿ ಗಡಿಯಾಚೆಯ ಹಳ್ಳಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವರಿಗೆ ತೆಲುಗು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಪಕ್ಕದ ತೋಟದಲ್ಲಿ ನರ್ಸರಿಯವನೊಬ್ಬ ಮಾವಿಗೆ ಕಸಿ ಕಟ್ಟುವುದನ್ನು ಬೇಲಿಯಾಚೆಯಿಂದ ನೋಡಿ ತಾವೂ ಕಟ್ಟಲು ಹೋದರು. ಮೊದಲ ವರ್ಷ ಕಟ್ಟಿದ ನಲವತ್ತೂ ಒಣಗಿದವು. ಎರಡನೆಯ ವರ್ಷ ಮೂರು ಚಿಗುರಿದವು. ಆಮೇಲೆ ಐವತ್ತು ವರ್ಷ, ಒಂದು ಚಾಕು, ಒಂದು ಬಟ್ಟೆಚೀಲ ಹಿಡಿದು ರೋಣೂರು, ರಾಯಲ್ಪಾಡು, ನೆಲವಂಕಿ ಎನ್ನದೆ ತೋಟದಿಂದ ತೋಟಕ್ಕೆ ನಡೆದು ಕಸಿ ಕಟ್ಟಿದರು, ಹೆಣ್ಣುಮಕ್ಕಳಿಗೆ ಕಟ್ಟುವುದನ್ನು ಕಲಿಸಿದರು. ಈ ಕಡೆ ಯಾವ ತೋಪಿಗೆ ಹೋದರೂ ‘ಈ ಸಾಲು ರಾಮಲಕ್ಷ್ಮಮ್ಮ ಕಟ್ಟಿದ್ದು’ ಎಂದು ತೋರಿಸುವವರು ಸಿಗುತ್ತಾರೆ.

ಅವರು ಕುಳಿತಿದ್ದ ಮರ ಅವರ ಅತ್ತೆಯ ಕಾಲಕ್ಕಿಂತ ಹಿಂದಿನದು. ಬಾದಾಮಿ, ರಸಪೂರಿ, ಮಲ್ಲಿಕಾ, ಎಲ್ಲ ಹಣ್ಣುಗಳೂ ಮುಗಿದು ಮಂಡಿಗಳು ಬಾಗಿಲು ಹಾಕಿದ ಮೇಲೆ, ಆಷಾಢದಲ್ಲಿ, ಇದು ನಿಧಾನವಾಗಿ ಹಣ್ಣಾಗುತ್ತದೆ. ಕಾಯಿ ಗಡಿಗೆಯಂತೆ ದುಂಡಗಿರುವುದರಿಂದ ನಮ್ಮವರು ಗಡಿಗೆ ಮಾವು ಎನ್ನುತ್ತಾರೆ. ನಾವು ಕಂಡಂತೆ ಈ ಜಾತಿಯ ಮರ ಇದೊಂದೇ ಇತ್ತು. ಹಣ್ಣು ಪೇಟೆಗೆ ಹೋಗುವ ಹೊತ್ತಿಗೆ ಪೇಟೆಯೇ ಇರುವುದಿಲ್ಲವಾದ್ದರಿಂದ ಯಾರೂ ಎರಡನೆಯದನ್ನು ಬೆಳೆಸುವ ಗೋಜಿಗೆ ಹೋಗಿರಲಿಲ್ಲ. ಊರವರು ತಿನ್ನುವುದಕ್ಕೆ ಒಂದು ಮರ ಸಾಕಾಗಿತ್ತು.

ರಾಮಲಕ್ಷ್ಮಮ್ಮನವರು ಫೋಟೋಗೆಂದು ರೇಷ್ಮೆ ಸೀರೆ ಉಟ್ಟಿದ್ದರು. ಅದು ಸಹಜವಾಗಿ ಕಾಣುವುದಿಲ್ಲ, ಹಳೆಯದನ್ನು ಉಟ್ಟು ಬನ್ನಿ ಎಂದು ತಮ್ಮ ಫೋಟೋಗ್ರಾಫರು ಹೇಳಿದರು. ಅವರು ಮನೆಗೆ ಹೋಗಿ ಬದಲಾಯಿಸಿಕೊಂಡು ಬಂದು, ಬೊಡ್ಡೆಯ ಮೇಲೆ ಕೈಯಿಟ್ಟು ನಿಂತರು. ಅರುಣ್‌ಕುಮಾರರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು, ‘ಮಾವು ಫೇಮಸ್ ಅಲ್ವಾ ಇಲ್ಲಿ’ ಎಂದರು. ಆರೂಕಾಲಿಗೆ ಕಾರು ಹೊರಟಿತು. ನನ್ನ ಕಣ್ಣಿಗೆ ಆತ ಒಳ್ಳೆಯ ಮನುಷ್ಯ. ನಾಲ್ಕು ಊರಿಗೆ ಒಂದೇ ಹಗಲನ್ನು ಗೊತ್ತುಮಾಡಿದವರು ಆತನಲ್ಲ.

ಅದೇ ಡಿಸೆಂಬರಿನಲ್ಲಿ ನಮ್ಮೂರಿನ ರಸ್ತೆಯನ್ನು ಅಗಲ ಮಾಡುವ ಯೋಜನೆಯವರು ಬಂದು ಮರಕ್ಕೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಎಂದು ನಂಬರು ಬರೆದರು. ನಾವು ತಕರಾರು ಹಾಕಿದೆವು. ಅಹವಾಲು ಕೇಳಲು ಬಂದ ಯೋಜನಾಧಿಕಾರಿ ಸಿಟ್ಟಿನವರಲ್ಲ. ‘ನೋಡಿ ಮೇಷ್ಟ್ರೇ, ರಸ್ತೇನ ಎಂಟಡಿ ಆ ಕಡೆ ಸರಿಸೋದು ದೊಡ್ಡ ವಿಷಯ ಅಲ್ಲ. ಆದ್ರೆ ಈ ಮರಕ್ಕೆ ಮಹತ್ವ ಐತೆ ಅನ್ನೋಕೆ ನನ್ ಕೈಯಾಗೆ ಒಂದು ಕಾಗದ ಬೇಕು. ಯಾವ್ದಾದ್ರೂ ದೊಡ್ಡ ಪುಸ್ತಕದಾಗೆ ಬಂದಿದ್ರೆ ತಂದುಕೊಡಿ, ಬರ್ಕೊಂಡು ಹೋಗ್ತೀನಿ’ ಎಂದರು. ತಮ್ಮ ಸಂಪುಟ ಜೂನಿನಲ್ಲಿ ಹೊರಬರುತ್ತದೆ, ಅದರಲ್ಲಿ ಈ ಮರದ ಫೋಟೋ ಇರುತ್ತದೆ ಎಂದು ನಾನು ಎದೆ ತಟ್ಟಿ ಹೇಳಿದೆ. ಅವರು ಜುಲೈವರೆಗೆ ಅವಕಾಶ ಕೊಟ್ಟರು. ಆ ಆರು ತಿಂಗಳು ಊರಿನವರೆಲ್ಲ ದಾರಿಯಲ್ಲಿ ಸಿಕ್ಕಾಗ ನನ್ನನ್ನು ಕೇಳುತ್ತಿದ್ದದ್ದು ಒಂದೇ: ‘ಪುಸ್ತಕ ಬಂತಾ ಮೇಷ್ಟ್ರೇ?’ ನಮ್ಮ ಹೋಬಳಿಯಲ್ಲಿ ಒಂದು ಚರಿತ್ರೆ ಗ್ರಂಥಕ್ಕಾಗಿ ಇಷ್ಟು ಜನ ಕಾದದ್ದು ನನಗೆ ತಿಳಿದಂತೆ ಇದೇ ಮೊದಲು, ಇದರ ಸಂಪೂರ್ಣ ಶ್ರೇಯಸ್ಸು ತಮಗೇ ಸಲ್ಲಬೇಕು.

ಪುಸ್ತಕ ಬಂತು. ಕಾಗದ, ಹೊಲಿಗೆ, ರಟ್ಟು, ಎಲ್ಲವೂ ಉತ್ತಮ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕಕ್ಕೂ ಸೇರಿ ತಾವು ಒಂದು ವಾಕ್ಯವನ್ನು ದಯಪಾಲಿಸಿದ್ದೀರಿ: ‘ಈ ಭಾಗದಲ್ಲಿ ಚಿನ್ನ, ಹೆಂಚು, ದೋಸೆ ಹಾಗೂ ಮಾವು ಕ್ರಮವಾಗಿ ಪ್ರಸಿದ್ಧವಾಗಿದ್ದು, ಮಾವಿಗೆ ಇಲ್ಲಿನ ಹವಾಮಾನವೇ ಕಾರಣವಾಗಿದೆ.’ ಎರಡು ಸಾವಿರ ವರ್ಷಗಳನ್ನು ಒಂದು ‘ಕ್ರಮವಾಗಿ’ಯಲ್ಲಿ ಕಟ್ಟಿಹಾಕುವ ಈ ಶಕ್ತಿ ನನಗಿದ್ದಿದ್ದರೆ ಮೂವತ್ತೊಂದು ವರ್ಷದ ಪಾಠವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಮನೆಗೆ ಹೋಗುತ್ತಿದ್ದೆ. ಹೆಚ್ಚಿನ ವಿವರಕ್ಕೆಂದು ಕೊನೆಯ ಪದಸೂಚಿಯನ್ನು ತೆರೆದೆ. ಅಲ್ಲಿ ‘ಶ್ರೀನಿವಾಸಪುರ: ಮಾವು ನೋಡಿ’ ಎಂದಿತ್ತು. ಮಾವು ನೋಡಿದೆ. ‘ಶ್ರೀನಿವಾಸಪುರ ನೋಡಿ’ ಎಂದಿತ್ತು. ವಿಧೇಯ ಓದುಗನಾದ ನಾನು ಮೂರು ಸಲ ಹೋಗಿ ಬಂದೆ.

ಫೋಟೋ ಇತ್ತು. ನಮ್ಮ ಭಾಗದಲ್ಲಲ್ಲ, ಇನ್ನೂರ ಹನ್ನೆರಡನೆಯ ಪುಟದಲ್ಲಿ, ಬೇರೆ ಅಧ್ಯಾಯದಲ್ಲಿ.

ಜುಲೈ ಸಭೆಗೆ ಪುಸ್ತಕವನ್ನು ನಾನೇ ಕಂಕುಳಲ್ಲಿಟ್ಟುಕೊಂಡು ಹೋದೆ, ಬೇರೆ ದಾರಿ ಇರಲಿಲ್ಲ. ಅಧಿಕಾರಿ ಪುಟ ತೆರೆದು ಫೋಟೋದ ಕೆಳಗಿದ್ದುದನ್ನು ಎಲ್ಲರಿಗೂ ಕೇಳುವಂತೆ ಓದಿದರು: ‘ಉತ್ತರ ಭಾರತದ ಹಳೆಯ ಮಾವಿನ ಮರ. ಪಕ್ಕದಲ್ಲಿ ಅಪರಿಚಿತ ಗ್ರಾಮೀಣ ಮಹಿಳೆ.’ ಆಮೇಲೆ ಫೋಟೋವನ್ನು ನೋಡಿದರು, ಎದುರಿಗೆ ಕುಳಿತಿದ್ದ ರಾಮಲಕ್ಷ್ಮಮ್ಮನವರನ್ನು ನೋಡಿದರು. ‘ಅಜ್ಜಿ ಇವರೇ ಇದ್ದಂಗೈತೆ. ಆದ್ರೆ ಮೇಷ್ಟ್ರೇ, ಪುಸ್ತಕದಾಗೆ ಮರ ಉತ್ತರದಾಗೈತೆ. ನಾನು ಏನಂತ ಬರೀಲಿ?’

ರಾಮಲಕ್ಷ್ಮಮ್ಮ ನನ್ನ ಕಡೆ ತಿರುಗಿ, ‘ಅಪರಿಚಿತ ಅಂದ್ರೆ ಏಂ ಮೇಷ್ಟ್ರೇ?’ ಎಂದು ಕೇಳಿದರು.

‘ಗೊತ್ತಿಲ್ಲದವರು ಅಂತ’ ಎಂದೆ.

‘ಯಾರಿಗೆ?’ ಎಂದರು.

ಸಭೆಯಲ್ಲಿ ಅರವತ್ತು ಜನರಿದ್ದರು, ಮಾನ್ಯರೇ. ಅವರಲ್ಲಿ ಅರ್ಧ ಜನ ರಾಮಲಕ್ಷ್ಮಮ್ಮ ಕಟ್ಟಿದ ಮರದ ಹಣ್ಣು ತಿಂದು ಬೆಳೆದವರು. ಆರು ತಿಂಗಳು ಎದೆ ತಟ್ಟಿಕೊಂಡು ಓಡಾಡಿದ ನಾನು ಪುಸ್ತಕದ ಹೊಳೆಯುವ ರಟ್ಟನ್ನೇ ನೋಡುತ್ತಾ ಕುಳಿತೆ.

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಶಿವಾನಿ ಎಂಬ ಹೆಣ್ಣುಮಗಳು ನನ್ನನ್ನು ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. ‘ತಪ್ಪಾಗಿದೆ ಸರ್, ಫೋಟೋಗಳು ಅದಲುಬದಲಾಗಿವೆ. ತಿದ್ದುಪಡಿ ಎರಡನೇ ಮುದ್ರಣದಲ್ಲಿ ಬರುತ್ತೆ. ಮೊದಲನೇದು ಖರ್ಚಾಗೋಕೆ ಹನ್ನೆರಡು ವರ್ಷ ಆಗಬಹುದು’ ಎಂದಳು. ಒಂದು ಚೀಟಿಯಲ್ಲಿ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿ ಕೊಡಬಹುದೇ ಎಂದು ಕೇಳಿದೆ. ಒಳಗೆ ಹೋಗಿ ಬಂದು, ತಲೆ ತಗ್ಗಿಸಿ, ಸಂಪುಟಗಳು ಬಿಡಿ ಚೀಟಿಗಳನ್ನು ಹೊರಡಿಸುವುದಿಲ್ಲವಂತೆ ಎಂದು ಹೇಳಿದಳು. ಆ ಮಗುವಿಗೆ ಯಾವ ತೊಂದರೆಯೂ ಆಗಬಾರದೆಂದು ಪ್ರಾರ್ಥನೆ.

ಆಗಸ್ಟಿನಲ್ಲಿ ಮರ ಕಡಿಯುವ ದಿನ ಗೊತ್ತಾಯಿತು. ನೋಟಿಸು ಓದಿಸಿಕೊಂಡ ರಾಮಲಕ್ಷ್ಮಮ್ಮ ಅಳಲಿಲ್ಲ, ಎಷ್ಟು ದಿನ ಇದೆ ಎಂದಷ್ಟೇ ಕೇಳಿದರು. ಹತ್ತು ದಿನ ಇತ್ತು. ಕಸಿಗೆ ಬೇಕಾದ ಕಡ್ಡಿಯನ್ನು ಹಾಗೇ ಕತ್ತರಿಸಿ ಕಟ್ಟಲು ಬರುವುದಿಲ್ಲ. ಮರದಲ್ಲಿರುವಾಗಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿಬಿಟ್ಟು, ಎಂಟು ಒಂಬತ್ತು ದಿನ ಕಾದರೆ ತುದಿಯ ಮೊಗ್ಗು ಉಬ್ಬುತ್ತದೆ, ಆಗ ಕಟ್ಟಿದರೆ ಹಿಡಿಯುತ್ತದೆ. ಅವರು ಅಂದೇ ಸೊಸೆ ಶ್ವೇತಳನ್ನು ಏಣಿ ಹತ್ತಿಸಿ, ಕೆಳಗೆ ನಿಂತು ಒಂದೊಂದೇ ಕಡ್ಡಿ ತೋರಿಸಿ, ಎಲೆ ತೆಗೆಸಿದರು.

ಏಳನೆಯ ದಿನವೇ ಗರಗಸದವರು ಬಂದರು. ಹತ್ತನೆಯ ದಿನ ಯಂತ್ರ ಬೇರೆ ಕಡೆ ಹೋಗಬೇಕಾಗಿದ್ದುದರಿಂದ ಕೆಲಸವನ್ನು ಮೊದಲೇ ಮುಗಿಸಲು ಬಂದಿದ್ದರು. ಅವರ ಮೇಸ್ತ್ರಿ ಕದಿರೇಶ, ಮಾಲೂರು ಕಡೆಯ ಲಕ್ಕೂರಿನವನು. ರಾಮಲಕ್ಷ್ಮಮ್ಮ ಅವನನ್ನು ಬೈಯಲಿಲ್ಲ. ಕೆಳಗಿನ ಒಂದು ಕೊಂಬೆಯನ್ನು ಬಾಗಿಸಿ ಕಡ್ಡಿಯ ತುದಿಯನ್ನು ತೋರಿಸಿದರು. ‘ನೋಡಪ್ಪಾ, ಇನ್ನೂ ಉಬ್ಬಿಲ್ಲ. ಇವತ್ತು ಕಡಿದ್ರೆ ಇದು ಸೌದೆ. ಎಲ್ಲುಂಡಿ ಕಡಿದ್ರೆ ಗಿಡ.’ ತೆಲುಗಿನಲ್ಲಿ ಎಲ್ಲುಂಡಿ ಎಂದರೆ ನಾಡಿದ್ದು, ತಮ್ಮ ಅವಗಾಹನೆಗೆ.

ಕದಿರೇಶ ಕಡ್ಡಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಫೋನು ತೆಗೆದು ಯಾರಿಗೋ, ‘ಅಣ್ಣಾ, ಚೈನ್ ಕಟ್ ಆಗೋಯ್ತು, ಎರಡು ದಿನ ಆಗ್ತದೆ’ ಎಂದ. ಆಮೇಲೆ ನಮ್ಮ ಕಡೆ ತಿರುಗಿ, ‘ಬರ್ತೀನಮ್ಮಾ’ ಎಂದು ಹೊರಟ. ಆ ಹೊತ್ತಿನಲ್ಲಿ ಅವನ ಹೆಗಲ ಮೇಲಿದ್ದ ಗರಗಸದ ಚೈನು ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು.

ಒಂಬತ್ತನೆಯ ದಿನ ಬೆಳಗಿನ ಜಾವದಿಂದ ಕಡ್ಡಿ ಇಳಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ರಾಮಲಕ್ಷ್ಮಮ್ಮನವರ ಮನೆಯ ಅಂಗಳದಲ್ಲಿ ಹನ್ನೊಂದು ಹೆಂಗಸರು ಗೊರಟೆಯಿಂದ ಎದ್ದ ಸಸಿಗಳಿಗೆ ಅವನ್ನು ಕಟ್ಟಲು ಕುಳಿತರು. ಹತ್ತು ಗಂಟೆಗೆ ಗರಗಸದ ಸದ್ದು ಶುರುವಾಯಿತು. ರಾಮಲಕ್ಷ್ಮಮ್ಮ ನೋಡಲು ಹೋಗಲಿಲ್ಲ. ಮರ ಬಿದ್ದ ಸದ್ದಿಗೆ ಅವರ ಚಾಕು ಸ್ವಲ್ಪ ಜಾರಿತು. ಆ ಕಡ್ಡಿಯನ್ನು ಪಕ್ಕಕ್ಕೆ ಎಸೆದು, ಇನ್ನೊಂದನ್ನು ತೆಗೆದುಕೊಂಡು, ಮೊದಲಿಗಿಂತ ನಿಧಾನವಾಗಿ ಹೆರೆದರು. ಸಂಜೆಯೊಳಗೆ ಎಲ್ಲರೂ ಸೇರಿ ನೂರ ನಲವತ್ತು ಕಟ್ಟಿದರು. ಎಂಬತ್ತಮೂರು ಚಿಗುರಿವೆ. ಯಲ್ದೂರಿನಲ್ಲಿ ಬೇಕೆಂದ ಮನೆಗೊಂದು, ಶ್ರೀನಿವಾಸಪುರದ ಎರಡು ಶಾಲೆಗಳಿಗೆ, ಮುಳಬಾಗಿಲಿನ ಒಬ್ಬರು ಹೋಟೆಲಿನವರ ಹಿತ್ತಲಿಗೆ, ಕೋಲಾರದ ಒಂದು ಹಾಸ್ಟೆಲಿಗೆ, ಲಕ್ಕೂರಿನ ಕದಿರೇಶನ ಮನೆಗೆ ಹೋಗಿವೆ. ತಾವು ‘ಕ್ರಮವಾಗಿ’ ಸೇರಿಸಿದ ನಾಲ್ಕು ಊರುಗಳು ಬೇರೊಂದು ಕ್ರಮದಲ್ಲಿ ಸೇರಿಕೊಂಡವು ಎಂದು ತಿಳಿಸಲು ಸಂತೋಷಪಡುತ್ತೇನೆ.

ಇನ್ನು ನಮ್ಮ ಬೇಡಿಕೆಗಳು. ತಮ್ಮ ಸಂಪುಟದ ಪ್ರಕಾರ ಮರ ಉತ್ತರ ಭಾರತದಲ್ಲಿ ಕ್ಷೇಮವಾಗಿರುವುದರಿಂದ, ಅದರ ವಿಳಾಸವನ್ನು ದಯವಿಟ್ಟು ಕಳಿಸಿಕೊಡಬೇಕು. ಬರುವ ಆಷಾಢದಲ್ಲಿ ನಾವು ಹಣ್ಣಿಗೆ ಹೋಗಬೇಕಾಗಿದೆ. ಅಲ್ಲಿಯವರಿಗೆ ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಳ್ಳಲು ಹೇಳಬೇಕು. ನಮ್ಮ ಹವಾಮಾನಕ್ಕೆ ಕಸಿ ಕಟ್ಟುವುದನ್ನು ಯಾರು ಕಲಿಸಿದರು ಎಂಬುದನ್ನೂ ತಮ್ಮ ಸಂಶೋಧಕರು ಪತ್ತೆಹಚ್ಚಿದರೆ ಉಪಕಾರ.

ರಾಮಲಕ್ಷ್ಮಮ್ಮನವರ ಬೇಡಿಕೆಯನ್ನೂ ಬರೆಯೋಣವೆಂದು ನಿನ್ನೆ ಅವರ ಮನೆಗೆ ಹೋಗಿದ್ದೆ. ಅವರು ಮುಂದಿನ ಕಸಿಗೆ ಗೊರಟೆ ಬಿತ್ತುತ್ತಿದ್ದರು. ಪುಸ್ತಕದಲ್ಲಿ ಹೆಸರು ಹಾಕಿಸಬೇಕೇ ಎಂದು ಕೇಳಿದೆ. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು: ‘ನನ್ ಹೆಸರು ಬ್ಯಾಡ ಮೇಷ್ಟ್ರೇ. ಹಣ್ಣು ಆಷಾಢದಾಗೆ ಬರ್ತದೆ ಅಂತ ಬರೆಸಿ. ಇಲ್ಲಾಂದ್ರೆ ಮುಂದಿನೋರು ಇದು ಫಲ ಬಿಡಲ್ಲ ಅಂದ್ಕೊಂಡು ವೈಶಾಖದಾಗೇ ಕಡಿದುಬಿಡ್ತಾರೆ.’

ಈ ಒಂದು ವಾಕ್ಯಕ್ಕೆ ತಮ್ಮ ಹನ್ನೆರಡು ಸಂಪುಟಗಳಲ್ಲಿ ಎಲ್ಲಾದರೂ ಜಾಗವಾದೀತೇ ಎಂದು ಕೇಳುವುದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು.

ತಮ್ಮ ಅಚ್ಚಿನ ಅಕ್ಷರಗಳಲ್ಲಿ ಒಮ್ಮೆ ಪೂರ್ಣ ವಿಶ್ವಾಸವಿಟ್ಟಿದ್ದ,
ಚನ್ನರಾಯಪ್ಪ,
ಯಲ್ದೂರು.

ತಾ.ಕ.: ಅಂಚೆಯವರಿಗೆ ತಮ್ಮ ಊರು ಹುಡುಕಲು ಕಷ್ಟವಾಗಬಾರದೆಂದು ಲಕೋಟೆಯ ಮೇಲೆ ‘ಬೆಂಗಳೂರು, ಕೋಲಾರದಿಂದ ಪಶ್ಚಿಮಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು’ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.