ಪಕ್ಕದ ಸೀಟಿನಲ್ಲಿ ಕುಳಿತಿದ್ದೆನೆಂದು ಸಹಿ ಹಾಕುವ ಮುನ್ನ

ಬೇಗೂರು, 25ನೇ ಜನವರಿ 1954

ಇಂದ,
ಚೆಲುವಯ್ಯ ಬಿನ್ ಮಾದಣ್ಣ,
ಮೋಟಾರು ಡ್ರೈವರು, ಕೆಳಗಿನ ಕೇರಿ, ಬೇಗೂರು,
ಗುಂಡ್ಲುಪೇಟೆ ತಾಲ್ಲೂಕು, ಮೈಸೂರು ಜಿಲ್ಲೆ.

ಗೆ,
ಮ್ಯಾನೇಜರ್ ಸಾಹೇಬರು,
ಮೋಟಾರು ವಿಮೆ ಕಂಪೆನಿ, ಮೈಸೂರು.

ವಿಷಯ: ಕಾರು ಕಲಿಯುವವರ ಪಕ್ಕದಲ್ಲಿ ನಾನು ಕುಳಿತಿದ್ದೆನೆಂಬ ಹೇಳಿಕೆಗೆ, ಒಮ್ಮೆ ಕುಳಿತ ಮೇಲೆ ಸಹಿ ಹಾಕಲು ಅಪ್ಪಣೆ ಕೋರಿ.

ಉಲ್ಲೇಖ: 1) ಬೇಗೂರಿನ ಜಮೀನ್ದಾರರಾದ ಶ್ರೀ ಚಿಕ್ಕಮಲ್ಲಪ್ಪನವರ ಕಾರಿನ ಪಾಲಿಸಿ, ಷರತ್ತು ಏಳು.
2) ತಮ್ಮ ಸರ್ವೇಯರು ಹುಣಸೆಮರದ ಕೆಳಗೆ ನಿಂತು ಕೇಳಿದ ಪ್ರಶ್ನೆ.

ಮಾನ್ಯರೇ,

ಈಗ ನಮ್ಮ ಕಡೆ ಹುರುಳಿ ಒಕ್ಕಣೆಯ ಕಾಲ. ಕಣ ಸಾಲದವರು ಕಿತ್ತ ಹುರುಳಿಯನ್ನು ಗುಂಡ್ಲುಪೇಟೆಯ ಟಾರು ರಸ್ತೆಗೇ ತಂದು ಹರಡುತ್ತಾರೆ. ಊಟಿ ಬಸ್ಸು, ಮರದ ಲಾರಿ ಅದರ ಮೇಲೆ ಹಾದುಹೋದಂತೆಲ್ಲ ಕಾಯಿ ಒಡೆದು ಕಾಳು ಉದುರುತ್ತದೆ. ಹೆಂಗಸರು ಬಳ್ಳಿ ತಿರುವಿ ಹಾಕಿ ಮುಂದಿನ ಬಸ್ಸಿಗೆ ಕಾಯುತ್ತಾರೆ. ಇದನ್ನು ಬರೆಯುತ್ತಿರುವಾಗ ನನ್ನ ಹೆಂಡತಿ ರಾಚಮ್ಮನೂ ಅಲ್ಲೇ ಬಳ್ಳಿ ತಿರುವುತ್ತಿದ್ದಾಳೆ. ನನಗೆ ಹದಿನೈದು ದಿನದಿಂದ... ಇಲ್ಲ, ಸರಿಯಾಗಿ ಹೇಳುವುದಾದರೆ ಹತ್ತು ದಿನದಿಂದ ಕೆಲಸವಿಲ್ಲದ ಕಾರಣ, ಅರ್ಜಿಗೆ ಬಿಡುವಾಗಿದೆ.

1. ಯಜಮಾನರಾದ ಚಿಕ್ಕಮಲ್ಲಪ್ಪನವರು ಗೂಡಲೂರಿನ ಟೀ ತೋಟದ ದೊರೆಯೊಬ್ಬರಿಂದ ಹಳೇ ಕಾರು ಕೊಂಡು, ಮಿಲಿಟರಿಯಲ್ಲಿ ಆರು ವರ್ಷ ಲಾರಿ ಓಡಿಸಿದ್ದ ನನ್ನನ್ನು ಡ್ರೈವರಾಗಿ ಇಟ್ಟುಕೊಂಡರು. ಕಾರಿನ ಮುಂದಿನ ಸೀಟು ಬೆಂಚಿನ ಹಾಗೆ, ಉದ್ದಕ್ಕೂ ಒಂದೇ ಮೆತ್ತೆ. ನಾನು ಓಡಿಸುವಾಗ ಬಲಭಾಗಕ್ಕೆ ಗೋಣಿತಾಟು ಹಾಸತಕ್ಕದ್ದು, ಮನೆಯವರು ಹಿಂದೆ ಕೂರತಕ್ಕದ್ದು, ಇಳಿದ ಮೇಲೆ ತಾಟನ್ನು ನಾನೇ ಒಯ್ಯತಕ್ಕದ್ದು. ಇದು ಯಜಮಾನರ ತಾಯಿ ದೊಡ್ಡಮಲ್ಲಮ್ಮನವರು ಮಾಡಿದ ಏರ್ಪಾಡು. ಇಂಜಿನ್ನಿಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲ.

2. ಯಜಮಾನರ ಮಗ, ನಮ್ಮ ಚಿಕ್ಕಬುದ್ದಿ ಶಿವರುದ್ರಸ್ವಾಮಿಯವರಿಗೆ ಹತ್ತೊಂಬತ್ತು ತುಂಬಿ, ಕಲಿಯುವವರ ಲೈಸೆನ್ಸು ಬಂತು. ತಮ್ಮ ಏಜೆಂಟರು ತಂದೆಯ ಪಾಲಿಸಿಯಲ್ಲೇ ಮಗನ ಹೆಸರನ್ನೂ ಸೇರಿಸಿ, ಜಗುಲಿಯ ಮೇಲೆ ಕುಳಿತು ಷರತ್ತು ಏಳನ್ನು ಗಟ್ಟಿಯಾಗಿ ಓದಿದರು. ಕಲಿಯುವವನು ಓಡಿಸುವಾಗ ಪೂರ್ತಿ ಲೈಸೆನ್ಸು ಉಳ್ಳವನೊಬ್ಬನು ಪಕ್ಕದಲ್ಲಿ ಕುಳಿತಿರತಕ್ಕದ್ದು. ಊರಿನಲ್ಲಿ ಅಂಥವನು ನಾನೊಬ್ಬನೇ. ನಾನು ಅಂಗಳದಲ್ಲಿ ನಿಂತಿದ್ದೆ.

"ಪಕ್ಕ ಅಂದ್ರೆ ಎಷ್ಟು ಪಕ್ಕ, ಸೋಮಿ?" ಎಂದು ದೊಡ್ಡಮಲ್ಲಮ್ಮನವರು ಕೇಳಿದರು.

"ಸ್ಟೇರಿಂಗಿಗೆ ಕೈ ಎಟುಕೋ ಅಷ್ಟು, ಅವ್ವ."

"ಅಷ್ಟೇಯ? ಆಚೆಯಿಂದ್ಲೂ ಎಟುಕ್ತದೆ ಬುಡಿ."

ಏಜೆಂಟರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

3. ಆದ್ದರಿಂದ ಒಂದೂವರೆ ತಿಂಗಳು ನಾನು ಬಲಗಡೆಯ ಫುಟ್‌ಬೋರ್ಡಿನ ಮೇಲೆ ನಿಂತು, ಕಿಟಕಿಯೊಳಕ್ಕೆ ಒಂದು ಕೈ ಚಾಚಿ ಪಾಠ ಹೇಳಿದೆ. ಗೇರಿನ ವಿಚಾರವನ್ನು ಗಾಳಿಯಲ್ಲಿ ಕೂಗಿ ಹೇಳಬೇಕಾದ ಕಾರಣ, ಎದುರಿಗೆ ಬಂದ ಎತ್ತಿನಗಾಡಿಯವರೂ ಅಷ್ಟಿಷ್ಟು ಕಲಿತುಕೊಂಡರು.

4. ಇದೇ ತಿಂಗಳು ಹನ್ನೆರಡರ ಬೆಳಿಗ್ಗೆ, ಬೇಗೂರು ದಾಟಿದ ಮೇಲೆ ರಸ್ತೆಯ ತುಂಬ ಹುರುಳಿ. "ಚಿಕ್ಕಬುದ್ದೀ, ಬ್ರೇಕು ಮುಟ್ಬ್ಯಾಡಿ, ಮೆಲ್ಲಗೆ ಓಗಿ!" ಎಂದು ಕೂಗಿದೆ. ಅವರು ಎರಡು ಕಾಲನ್ನೂ ಬ್ರೇಕಿನ ಮೇಲೆ ಇಟ್ಟರು. ಕಾರು ಕಾಳಿನ ಮೇಲೆ ಜಾರಿ, ಎಡಮಗ್ಗುಲು ಹುಣಸೆಮರಕ್ಕೆ ಬಡಿಯಿತು. ಚಿಕ್ಕಬುದ್ದಿಯವರ ಹಣೆ ಊದಿತು. ನಾನು ಬಳ್ಳಿಯ ಗುಡ್ಡೆಯ ಮೇಲೆ ಬಿದ್ದೆ. ರಾಚಮ್ಮ ಓಡಿಬಂದು ನನ್ನ ಮೈ ತಡವಿ, ಅಪ್ಪಚ್ಚಿಯಾಗಿದ್ದ ಎಡಬಾಗಿಲನ್ನು ನೋಡಿದಳು.

"ಪಕ್ಕದಲ್ಲಿ ಕೂರಿಸಿದ್ರೆ ನಿನ್ನ ಬಗೆದು ತೆಗೀಬೇಕಾಗಿತ್ತು ಕಣಪ್ಪ. ಓಗು, ಅವ್ವಾರಿಗೆ ಒಂದು ಕೈ ಮುಗಿದು ಬಾ," ಎಂದಳು.

5. ಎರಡು ದಿನದ ಮೇಲೆ ತಮ್ಮ ಸರ್ವೇಯರು ನಷ್ಟ ನೋಡಲು ಬಂದು, "ಪಕ್ಕದಲ್ಲಿ ಯಾರು ಕುಳಿತಿದ್ದರು? ಯಾರೂ ಇಲ್ಲದಿದ್ದರೆ ಒಂದು ಕಾಸೂ ಹುಟ್ಟುವುದಿಲ್ಲ. ಸುಳ್ಳು ಬರೆದುಕೊಟ್ಟರೆ ಡ್ರೈವರನ ಲೈಸೆನ್ಸು ರದ್ದಾಗುತ್ತದೆ," ಎಂದರು. ಅಂದು ಸಂಜೆಯೊಳಗೆ ಊರಿನ ಜ್ಞಾಪಕಶಕ್ತಿ ಬಹಳ ಸುಧಾರಿಸಿತು. ಯಜಮಾನರು ನನ್ನ ಹೇಳಿಕೆಯನ್ನು ತಾವೇ ಬರೆಸಿಟ್ಟು ನನ್ನನ್ನು ಕರೆಸಿದರು.

"ಲೇ ಚೆಲುವ, ಹುಡುಗನ ಪಕ್ಕದಲ್ಲೇ ಕುಂತಿದ್ದೆ ಅಂತ ಒಂದು ಸಯಿ ಹಾಕ್ಬುಡ್ಲಾ. ನಿನ್ನ ಗಂಟೇನು ಓಯ್ತದೆ?"

"ಲೈಸೆನ್ಸು ಓಯ್ತದೆ ಬುದ್ದಿ. ಇರೋದು ಅದೊಂದೇ ಗಂಟು."

"ಊರೇ ನೋಡಿವ್ನಿ ಅಂತದೆ, ನಿಂದೇನ್ಲಾ? ಎಡಗೈಗೆ ಒಂದು ಪಟ್ಟಿ ಕಟ್ಕೊ. ಬಾಗಿಲು ಹಂಗಾಗಿ ನಿಂಗೇನೂ ಆಗ್ನಿಲ್ಲ ಅಂದ್ರೆ ಯಾರ್ಲಾ ನಂಬ್ತಾರೆ?"

ನಿಜ, ಊರಿನವರು ಬರೆದುಕೊಟ್ಟಿದ್ದಾರೆ. ದೊಡ್ಡಮಲ್ಲಮ್ಮನವರೂ ಹೆಬ್ಬೆಟ್ಟು ಒತ್ತಿದ್ದಾರೆ: 'ಚೆಲುವಯ್ಯನವರು ನನ್ನ ಮೊಮ್ಮಗನ ಪಕ್ಕ, ಒಂದೇ ಮೆತ್ತೆಯ ಮೇಲೆ, ಭುಜಕ್ಕೆ ಭುಜ ತಾಗುವಂತೆ ಕುಳಿತಿದ್ದನ್ನು ಕಣ್ಣಾರೆ ಕಂಡಿದ್ದೇನೆ.' ಅವರ ಮನೆಯಲ್ಲಿ ನನಗೆ 'ನವರು' ಸೇರಿದ್ದು ಇದೇ ಮೊದಲು. ಆದಕಾರಣ ಅಂಗಳದಿಂದಲೇ ಕೇಳಿದೆ:

"ಯಾವಾಗ ಕಂಡ್ರಿ, ಅವ್ವ?"

"ಕಾಗದದಲ್ಲಿ ಕಣ್ಲಾ. ಕಾಗದದಲ್ಲಿ ಕುಂತ್ರೆ ಮೆತ್ತೆಗೇನಾದದು?"

ಸಹಿ ಆಗುವ ತನಕ ಕೆಲಸಕ್ಕೆ ಬರಬೇಡವೆಂದು ಅಪ್ಪಣೆಯಾಯಿತು.

6. ನಾನು ನಿಧಾನವಾಗಿ ಯೋಚಿಸುವವನು. ಹತ್ತು ದಿನ ಯೋಚಿಸಿದೆ. ಅಪ್ಪನ ಪಾಲಿಸಿಯಲ್ಲಿ ತಾವು ಮಗನಿಗೆ ಜಾಗ ಕೊಟ್ಟಿದ್ದೀರಿ. ಅದೇ ಪಾಲಿಸಿಯ ಷರತ್ತು ಏಳರಲ್ಲಿ ನನಗೂ ಒಂದು ಜಾಗವಿದೆ. ಬೇಗೂರಿನಲ್ಲಿ ನನಗೆ ಇಂಥ ಕಡೆ ಕೂರತಕ್ಕದ್ದೆಂದು ಅಚ್ಚು ಹಾಕಿಸಿ ಕಳಿಸಿದವರು ತಾವೇ ಮೊದಲಿಗರು. ಆ ಜಾಗ ಮೆತ್ತಗಿದೆಯೋ ಗಟ್ಟಿಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕಿ ಅನ್ನದ ಲೈಸೆನ್ಸು ಕಳೆದುಕೊಳ್ಳಲು ಮನಸ್ಸಿಲ್ಲ.

ಆದ್ದರಿಂದ ತಾವು ದಯಮಾಡಿ, ನಷ್ಟದ ಹಣ ಕೊಡುವ ಮುನ್ನ, ಸರ್ವೇಯರ ಸಮಕ್ಷಮ ಕಾರನ್ನು ಬೇಗೂರಿನಿಂದ ಗುಂಡ್ಲುಪೇಟೆಯವರೆಗೆ ಒಮ್ಮೆ ಓಡಿಸಿ ನೋಡುವಂತೆ ಆಜ್ಞೆ ಮಾಡಬೇಕು. ಚಿಕ್ಕಬುದ್ದಿಯವರು ಓಡಿಸಲಿ. ನಾನು ಪಕ್ಕದಲ್ಲಿ ಕೂರುತ್ತೇನೆ. ಕಣ್ಣಾರೆ ಕಂಡ ಸಾಕ್ಷಿಗಳೆಲ್ಲ ಹಿಂದಿನ ಸೀಟಿನಲ್ಲಿ ಕುಳಿತು ಇನ್ನೊಮ್ಮೆ ಕಾಣಲಿ. ಇಳಿದ ಕೂಡಲೆ, ಯಜಮಾನರು ಬರೆಸಿದ ಹೇಳಿಕೆಯ ಒಂದಕ್ಷರವನ್ನೂ ತಿದ್ದದೆ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕುತ್ತೇನೆ. ತಾರೀಖು ಮಾತ್ರ ಕುಳಿತ ದಿನದ್ದು ಹಾಕುತ್ತೇನೆ.

ತಮ್ಮ ವಿಶ್ವಾಸಿ,
(ಸದ್ಯ ಈ ಅರ್ಜಿಗೆ ಮಾತ್ರ ಸಹಿ)
ಚೆಲುವಯ್ಯ

ಅಡಕಗಳು:
1) ಹೇಳಿಕೆಯ ನಕಲು. ಅಸಲು ನನ್ನ ಜೇಬಿನಲ್ಲಿದೆ.
2) ದೊಡ್ಡಮಲ್ಲಮ್ಮನವರ ಹೆಬ್ಬೆಟ್ಟಿನ ಸಾಕ್ಷಿಯ ನಕಲು.
3) ಯಜಮಾನರು ಕೊಟ್ಟ ಬಟ್ಟೆಪಟ್ಟಿ ಒಂದು, ಬಳಸದ್ದು.

ಬರೆಯಲು ಮರೆತದ್ದು: ಎಡಬಾಗಿಲು ನುಗ್ಗಾಗಿ ಈಗ ತೆರೆಯುವುದಿಲ್ಲ. ಆ ಸೀಟಿಗೆ ನಾನು ಬಲಬಾಗಿಲಿನಿಂದಲೇ ಹತ್ತಿ ಹೋಗಬೇಕು. ಆ ಕಾರಣ, ನಾನು ಒಳಗೆ ಹೋಗುವ ತನಕ ಚಿಕ್ಕಬುದ್ದಿಯವರು ಕೆಳಗಿಳಿದು ಸ್ವಲ್ಪ ದಾರಿ ಬಿಟ್ಟು ನಿಂತಿರತಕ್ಕದ್ದೆಂದು ಆಜ್ಞೆಯಲ್ಲಿ ಒಂದು ಸಾಲು ಸೇರಿಸಬೇಕಾಗಿ ಪ್ರಾರ್ಥನೆ.